ಐರ್ಲೆಂಡ್ ವಿಭಜನೆ: ಗೆರೆ ಬಿದ್ದದ್ದು 1921ರ ಒಪ್ಪಂದದಲ್ಲೋ, ಅದಕ್ಕೂ ಮೊದಲೋ?

ತೀರದ ಓದುಗ

ಎಲ್ಲರಿಗೂ ನಮಸ್ಕಾರ. ಐರ್ಲೆಂಡ್ ವಿಷಯ ಬಂದಾಗಲೆಲ್ಲ ಕೇಳುವ ಮಾತು ಒಂದೇ: 1921ರ ಡಿಸೆಂಬರ್‌ನಲ್ಲಿ ಐರಿಷ್ ನಾಯಕರಾದ ಮೈಕೆಲ್ ಕಾಲಿನ್ಸ್ ಮತ್ತು ಆರ್ಥರ್ ಗ್ರಿಫಿತ್ ಲಂಡನ್ನಿನಲ್ಲಿ ಬ್ರಿಟನ್ ಜೊತೆಗಿನ ಒಪ್ಪಂದಕ್ಕೆ ಸಹಿ ಹಾಕಿದರು, ದೇಶ ಎರಡು ಹೋಳಾಯಿತು. ಆದರೆ ಅದೇ ವರ್ಷದ ಜೂನ್‌ನಲ್ಲೇ ಬೆಲ್‌ಫಾಸ್ಟ್‌ನಲ್ಲಿ ಬೇರೆ ಸಂಸತ್ತು ಉದ್ಘಾಟನೆ ಆಗಿದೆ. ಇವೆರಡೂ ಹೇಗೆ ಹೊಂದುತ್ತವೆ?

ಇನ್ನೆರಡು ಸಂಶಯ ಇವೆ. ಅಲ್‌ಸ್ಟರ್ ಪ್ರಾಂತ್ಯದಲ್ಲಿ ಒಂಬತ್ತು ಕೌಂಟಿಗಳಿದ್ದರೂ ಆರನ್ನೇ ಯಾಕೆ ಬೇರೆ ಮಾಡಿದರು? ಮತ್ತೆ, ಬ್ರಿಟಿಷರು ಒಪ್ಪಿಕೊಳ್ಳುವ ಮೊದಲೇ ಐರಿಷ್ ಗಣರಾಜ್ಯದ ಸರ್ಕಾರ ಕೆಲಸ ಮಾಡುತ್ತಿತ್ತು ಅನ್ನುತ್ತಾರಲ್ಲ, ದಿನನಿತ್ಯದಲ್ಲಿ ಅದು ಏನು ಮಾಡುತ್ತಿತ್ತು? ದುಡ್ಡು ಎಲ್ಲಿಂದ ಬರುತ್ತಿತ್ತು?

ಗಡಿಕಲ್ಲು

ಮೊದಲ ಪ್ರಶ್ನೆಗೆ ನೇರ ಉತ್ತರ: ಗೆರೆ ಬಿದ್ದದ್ದು 1920ರ ಐರ್ಲೆಂಡ್ ಸರ್ಕಾರ ಕಾಯ್ದೆಯಿಂದ. ಅದಕ್ಕೆ ರಾಜನ ಅಂಕಿತ ಬಿದ್ದದ್ದು 1920ರ ಡಿಸೆಂಬರ್ 23, ಜಾರಿಗೆ ಬಂದದ್ದು 1921ರ ಮೇ 3. ಒಪ್ಪಂದಕ್ಕೆ ಸಹಿ ಆದದ್ದು ಡಿಸೆಂಬರ್ 6. ಅಂದರೆ ಕಾಲಿನ್ಸ್ ಮತ್ತು ಗ್ರಿಫಿತ್ ಲಂಡನ್ನಿನ ಮೇಜಿನ ಮುಂದೆ ಕೂತಾಗ ಉತ್ತರ ಐರ್ಲೆಂಡ್ ಹುಟ್ಟಿ ಐದು ತಿಂಗಳು ದಾಟಿತ್ತು. ಅದಕ್ಕೆ ಜೇಮ್ಸ್ ಕ್ರೇಗ್ ಎಂಬ ಪ್ರಧಾನಿ ಇದ್ದ, 52 ಸದಸ್ಯರ ಕೆಳಮನೆ ಇತ್ತು, ಜೂನ್ 22ರಂದು ಐದನೇ ಜಾರ್ಜ್ ಖುದ್ದಾಗಿ ಬಂದು ಸಂಸತ್ತನ್ನು ಉದ್ಘಾಟಿಸಿಯೂ ಆಗಿತ್ತು. ಆಗಿಹೋಗಿದ್ದ ವಿಭಜನೆಯನ್ನು ಮುಂದೆ ತಿದ್ದಲು ಒಂದು ಕಿಂಡಿ ಬಿಟ್ಟದ್ದಷ್ಟೇ ಒಪ್ಪಂದದ ಕೆಲಸ. ಆ ಕಿಂಡಿಯೇ 12ನೇ ವಿಧಿ. ಅದಕ್ಕೆ ಆಮೇಲೆ ಬರುತ್ತೇನೆ.

1920ರ ಕಾಯ್ದೆ ಎರಡು ಸಂಸತ್ತುಗಳನ್ನು ಮಾಡಿತು. ದಕ್ಷಿಣಕ್ಕೆ 128 ಸ್ಥಾನ, ಉತ್ತರಕ್ಕೆ 52. ಎರಡನ್ನೂ ಜೋಡಿಸಲು ತಲಾ 20 ಜನರ ಒಂದು ಐರ್ಲೆಂಡ್ ಮಂಡಳಿ. ಮುಂದೆ ಎರಡೂ ಕಡೆಯವರು ಒಪ್ಪಿದರೆ ಒಂದೇ ಸಂಸತ್ತು ಮಾಡಿಕೊಳ್ಳಬಹುದು ಅನ್ನುವ ಲೆಕ್ಕ. 1921ರ ಮೇ ಚುನಾವಣೆಯಲ್ಲಿ ದಕ್ಷಿಣದ 128ರಲ್ಲಿ 124 ಸ್ಥಾನ ಗಣರಾಜ್ಯ ಬೇಕೆಂದ ಶಿನ್ ಫೇನ್ ಪಕ್ಷಕ್ಕೆ ಅವಿರೋಧವಾಗಿ ಬಂದವು, ಉಳಿದ 4 ಡಬ್ಲಿನ್ ವಿಶ್ವವಿದ್ಯಾಲಯದ ಯೂನಿಯನಿಸ್ಟರಿಗೆ, ಅಂದರೆ ಬ್ರಿಟನ್ ಜೊತೆಗೇ ಇರಬೇಕು ಅನ್ನುವವರಿಗೆ. ಆ 124 ಜನ ಈ ಸಂಸತ್ತಿಗೆ ಕಾಲಿಡಲಿಲ್ಲ, ತಮ್ಮದೇ ಎರಡನೇ ಡಾಯ್ಲ್ (ಐರಿಷ್ ಗಣರಾಜ್ಯದ ಸಂಸತ್ತು) ಎಂದು ಘೋಷಿಸಿಕೊಂಡರು. ಹಾಗಾಗಿ ದಕ್ಷಿಣದ ಸಂಸತ್ತು ಹುಟ್ಟುತ್ತಲೇ ಸತ್ತಿತು. ಉತ್ತರದಲ್ಲಿ 52ರಲ್ಲಿ 40 ಯೂನಿಯನಿಸ್ಟರು, ಅಲ್ಲಿ ಅದು ಬೇರೂರಿತು. ಒಂದೇ ಕಾಯ್ದೆಯ ಅರ್ಧ ಬದುಕಿತು, ಅರ್ಧ ಬದುಕಲಿಲ್ಲ.

ಇನ್ನು ಆರು ಯಾಕೆ ಅನ್ನುವುದು. ಇದು ಶುದ್ಧ ಅಂಕಗಣಿತ: ಯೂನಿಯನಿಸ್ಟರು ಹೆಚ್ಚಾಗಿ ಪ್ರಾಟೆಸ್ಟೆಂಟರು, ಐರ್ಲೆಂಡಿಗೆ ಸ್ವಂತ ಆಡಳಿತ ಬೇಕೆಂದ ರಾಷ್ಟ್ರೀಯರು ಹೆಚ್ಚಾಗಿ ಕ್ಯಾಥೊಲಿಕರು. 1911ರ ಜನಗಣತಿ ಪ್ರಕಾರ ಒಂಬತ್ತು ಕೌಂಟಿಗಳ ಅಲ್‌ಸ್ಟರ್‌ನಲ್ಲಿ ಸುಮಾರು 15.8 ಲಕ್ಷ ಜನ, ಅದರಲ್ಲಿ ಕ್ಯಾಥೊಲಿಕರು ಶೇ. 43.7. ಡೊನೆಗಾಲ್, ಕ್ಯಾವನ್, ಮೊನಹನ್ ಮೂರನ್ನೂ ತೆಗೆದರೆ ಉಳಿಯುವುದು ಸುಮಾರು 12.5 ಲಕ್ಷ, ಕ್ಯಾಥೊಲಿಕರು ಶೇ. 34.4. ಮೊದಲನೆಯ ಲೆಕ್ಕದಲ್ಲಿ ಒಂದೆರಡು ಚುನಾವಣೆ ಕೈಕೊಟ್ಟರೆ ಬಹುಮತ ಹೋಗುವ ಭಯ, ಎರಡನೆಯದರಲ್ಲಿ ತಲೆಮಾರುಗಟ್ಟಲೆ ಭದ್ರ. ಬ್ರಿಟಿಷ್ ಸಂಪುಟದ ಸಮಿತಿ ಮೊದಲು ಒಂಬತ್ತನ್ನೇ ಸೂಚಿಸಿತ್ತು. ಆರು ಸಾಕು ಅಂದವರು ಅಲ್‌ಸ್ಟರ್ ಯೂನಿಯನಿಸ್ಟರೇ, 1920ರ ಮಾರ್ಚ್‌ನಲ್ಲಿ. ಬಿಟ್ಟ ಮೂರು ಕೌಂಟಿಗಳಲ್ಲಿ ಅವರದೇ ಸುಮಾರು 70,000 ಪ್ರಾಟೆಸ್ಟೆಂಟರಿದ್ದರು, ಹೋಂ ರೂಲ್ ವಿರೋಧಿಸಿದ 1912ರ ಪ್ರತಿಜ್ಞಾಪತ್ರಕ್ಕೆ ಜೊತೆಯಲ್ಲೇ ಸಹಿ ಹಾಕಿದ್ದವರು. ಆ ನೋವು ಆ ಕಡೆ ಬಹಳ ಕಾಲ ಆರಲಿಲ್ಲ.

ಗಮನಿಸಬೇಕಾದ್ದು: ಉಳಿಸಿಕೊಂಡ ಆರರಲ್ಲೂ ಎರಡರಲ್ಲಿ, ಫರ್ಮಾನಾ ಮತ್ತು ಟಿರೋನ್‌ನಲ್ಲಿ, ಕ್ಯಾಥೊಲಿಕರೇ ಶೇ. 55–56. ಹಾಗಾಗಿ "ಜನರ ಇಚ್ಛೆಯಂತೆ ಗೆರೆ" ಅನ್ನುವ ಮಾತು ಆಗಲೇ ನಿಲ್ಲುವುದಿಲ್ಲ.

ಕಡತಪ್ರಿಯ

ಗಡಿಕಲ್ಲು ಹೇಳಿದ್ದಕ್ಕೆ ಒಂದು ಸೇರಿಕೆ. 1920ರ ಕಾಯ್ದೆ ಅಷ್ಟು ಸಲೀಸಾಗಿ ಹೇಗೆ ಪಾಸಾಯಿತು? 1918ರ ಡಿಸೆಂಬರ್ ಚುನಾವಣೆಯಲ್ಲಿ ಐರ್ಲೆಂಡಿನ 105 ಸ್ಥಾನಗಳಲ್ಲಿ 73 ಶಿನ್ ಫೇನ್‌ಗೆ ಹೋದವು. ಹಳೆಯ ಹೋಂ ರೂಲ್ ಪಕ್ಷಕ್ಕೆ ಉಳಿದದ್ದು 6. ಶಿನ್ ಫೇನ್ ಸದಸ್ಯರು ವೆಸ್ಟ್‌ಮಿನ್‌ಸ್ಟರ್‌ಗೆ ಹೋಗುವುದಿಲ್ಲ ಅನ್ನುವ ನಿಲುವಿನ ಮೇಲೇ ಗೆದ್ದವರು. ಹೀಗಾಗಿ ಐರ್ಲೆಂಡನ್ನು ಹೋಳು ಮಾಡುವ ಮಸೂದೆ ಚರ್ಚೆಗೆ ಬಂದಾಗ ಸಂಘಟಿತವಾಗಿ ಕೂತಿದ್ದ ಐರಿಷ್ ದನಿ ಯೂನಿಯನಿಸ್ಟರದೇ. ತಿದ್ದುಪಡಿ ತಿದ್ದುಪಡಿಯಾಗಿ ಕಾದಾಡಲು ಈ ಕಡೆ ಜನವೇ ಇರಲಿಲ್ಲ. ಬಹಿಷ್ಕಾರ ತಪ್ಪು ಅನ್ನುತ್ತಿಲ್ಲ, ಅದರ ಬೆಲೆ ಇಲ್ಲಿ ಕಟ್ಟಬೇಕಾಯಿತು.

ಇನ್ನೂ ಹಿಂದಿನ ಬೇರು 1912–14ರಲ್ಲಿದೆ. 1912ರ ಸೆಪ್ಟೆಂಬರ್ 28ರಂದು ಅಲ್‌ಸ್ಟರ್ ಪ್ರತಿಜ್ಞಾಪತ್ರಕ್ಕೆ ಗಂಡಸರು ಸುಮಾರು 2.37 ಲಕ್ಷ, ಅದರ ಜೊತೆಗಿನ ಘೋಷಣೆಗೆ ಹೆಂಗಸರು ಸುಮಾರು 2.34 ಲಕ್ಷ ಸಹಿ. 1914ರ ಏಪ್ರಿಲ್‌ನಲ್ಲಿ ಲಾರ್ನ್ ಮತ್ತಿತರ ಬಂದರುಗಳಲ್ಲಿ ಒಂದೇ ರಾತ್ರಿ ಯೂನಿಯನಿಸ್ಟರಿಗೆ ಸುಮಾರು 25,000 ಬಂದೂಕು ಇಳಿದವು. ಅದೇ ಜುಲೈನಲ್ಲಿ ಹೌತ್ ಬಂದರಿನಲ್ಲಿ ರಾಷ್ಟ್ರೀಯರು ಇಳಿಸಿಕೊಂಡದ್ದು ಸುಮಾರು 900. ಮೂರನೇ ಹೋಂ ರೂಲ್ ಕಾಯ್ದೆ ಸೆಪ್ಟೆಂಬರ್ 18ರಂದು ಕಾನೂನಾದರೂ ಮಹಾಯುದ್ಧ ಮುಗಿಯುವವರೆಗೆ ಅಮಾನತಾಯಿತು. ಅಲ್‌ಸ್ಟರ್‌ಗೆ ಏನೋ ಒಂದು ಪ್ರತ್ಯೇಕ ಏರ್ಪಾಡು ಬೇಕು ಅನ್ನುವುದು ಆಗಲೇ ಒಪ್ಪಿತವಾಗಿತ್ತು.

ಲೆಕ್ಕದ ಪುಸ್ತಕ

ದುಡ್ಡಿನ ಪ್ರಶ್ನೆಗೆ ಉತ್ತರಿಸುತ್ತೇನೆ. ಜನ ಬಂದೂಕಿನ ಕಡೆ ನೋಡುತ್ತಾರೆ, ನನ್ನ ಮಟ್ಟಿಗೆ ಆ ರಾಜ್ಯ ಕಟ್ಟಿದ್ದು ರಸೀದಿ ಪುಸ್ತಕ.

ಮೊದಲ ಡಾಯ್ಲ್ ಸೇರಿದ್ದು 1919ರ ಜನವರಿ 21, ಡಬ್ಲಿನ್ನಿನ ಮ್ಯಾನ್ಷನ್ ಹೌಸ್‌ನಲ್ಲಿ. ಹಾಜರಿದ್ದವರು 27 ಜನ, ಉಳಿದವರಲ್ಲಿ ಹೆಚ್ಚಿನವರು ಜೈಲಿನಲ್ಲಿ ಅಥವಾ ತಲೆಮರೆಸಿಕೊಂಡು. ಹಣಕಾಸು ಮಂತ್ರಿಯಾದ ಕಾಲಿನ್ಸ್ ದೇಶದೊಳಗೆ 2.5 ಲಕ್ಷ ಪೌಂಡ್ ಸಾಲ ಎತ್ತುವ ಗುರಿ ಇಟ್ಟ. ಸಾಲದ ಪ್ರಕಟಣೆ ಅಚ್ಚು ಹಾಕಿದ ಪತ್ರಿಕೆಗಳನ್ನು ಬ್ರಿಟಿಷ್ ಆಡಳಿತ ಮುಚ್ಚಿಸಿತು. ಅದು ಹಿಮ್ಮುಖವಾಗಿ ಕೆಲಸ ಮಾಡಿತು: ಪತ್ರಿಕೆ ಯಾಕೆ ನಿಂತಿತು ಎಂದು ಊರೂರಲ್ಲಿ ವಿಚಾರಿಸಿದವರಿಗೆಲ್ಲ ಸಾಲದ ಸುದ್ದಿ ಗೊತ್ತಾಯಿತು. ಕೊನೆಗೆ ಬಂದದ್ದು ಸುಮಾರು 3.7 ಲಕ್ಷ ಪೌಂಡ್. ಅಮೆರಿಕದಲ್ಲಿ ಡಾಯ್ಲ್‌ನ ಮುಖ್ಯಸ್ಥ ಡಿ ವಲೆರಾ ಪ್ರವಾಸದ ಕಾಲದಲ್ಲಿ ಮಾರಿದ ಪ್ರಮಾಣಪತ್ರಗಳಿಂದ 50 ಲಕ್ಷ ಡಾಲರ್‌ಗೂ ಮೇಲೆ.

ಹಣ ಇಡುವುದೇ ದೊಡ್ಡ ಕಷ್ಟ. ಬೇರೆಯವರ ಹೆಸರಿನ ಬ್ಯಾಂಕ್ ಖಾತೆಗಳಲ್ಲಿ ಹಂಚಿ ಇಟ್ಟರು. ಆ ಖಾತೆಗಳ ಬೆನ್ನುಹತ್ತಿ ಬ್ಯಾಂಕ್ ಅಧಿಕಾರಿಗಳ ವಿಚಾರಣೆ ಶುರು ಮಾಡಿದ್ದ ಮ್ಯಾಜಿಸ್ಟ್ರೇಟ್ ಅಲನ್ ಬೆಲ್‌ನನ್ನು 1920ರ ಮಾರ್ಚ್ 26ರಂದು ಡಬ್ಲಿನ್ನಿನಲ್ಲಿ ಟ್ರಾಮ್‌ನಿಂದ ಇಳಿಸಿ ಕೊಂದರು. ಅಷ್ಟರ ಮಟ್ಟಿಗೆ ಆ ಖಾತೆ ಪುಸ್ತಕಗಳು ಮುಖ್ಯವಾಗಿದ್ದವು. ಒಂದು ಭಾಗವನ್ನು ಚಿನ್ನ ಮಾಡಿ, ಸುಮಾರು 25,000 ಪೌಂಡ್ ಬೆಲೆಯದು, ಡಬ್ಲಿನ್ನಿನ ಡಾನಿಬ್ರೂಕ್‌ನಲ್ಲಿ ಬ್ಯಾಟ್ ಓ'ಕಾನರ್ ಎಂಬ ಕಟ್ಟಡ ಕಟ್ಟುವವನ ಮನೆಯ ನೆಲದಡಿ ಹೂತಿಟ್ಟರು.

ಈ ದುಡ್ಡಿಗಿಂತ ದೊಡ್ಡದು ಸ್ಥಳೀಯ ಸಂಸ್ಥೆಗಳ ತೆರಿಗೆ. 1920ರ ಜನವರಿಯಲ್ಲಿ ಪಟ್ಟಣಗಳಿಗೆ, ಜೂನ್‌ನಲ್ಲಿ ಕೌಂಟಿ ಮತ್ತು ಗ್ರಾಮಾಂತರಕ್ಕೆ ಚುನಾವಣೆ ಆಗಿ ಬಹುತೇಕ ಕೌಂಟಿ ಮಂಡಳಿಗಳು ಶಿನ್ ಫೇನ್ ಕೈಗೆ ಬಂದವು. ಅವು ಒಂದೊಂದಾಗಿ ಡಬ್ಲಿನ್ನಿನ ಕಸ್ಟಮ್ ಹೌಸ್‌ನಲ್ಲಿದ್ದ ಬ್ರಿಟಿಷ್ ಸ್ಥಳೀಯ ಆಡಳಿತ ಮಂಡಳಿಯ ಜೊತೆ ಪತ್ರವ್ಯವಹಾರ ನಿಲ್ಲಿಸಿ, ಡಾಯ್ಲ್‌ನ ಸ್ಥಳೀಯ ಆಡಳಿತ ಇಲಾಖೆಗೆ ನಡಾವಳಿ ಕಳಿಸತೊಡಗಿದವು. ಆ ಇಲಾಖೆಯ ಮಂತ್ರಿ ಡಬ್ಲ್ಯು. ಟಿ. ಕಾಸ್ಗ್ರೇವ್, ಸಹಾಯಕ ಕೆವಿನ್ ಓ'ಹಿಗಿನ್ಸ್. ಮುಂದೆ ದೇಶ ನಡೆಸಿದವರು ಇವರಿಬ್ಬರೇ, ಅನುಭವ ಸಿಕ್ಕಿದ್ದು ಇಲ್ಲಿ.

ತೀರದ ಓದುಗ

ಲೆಕ್ಕದ ಪುಸ್ತಕ ಅವರೇ, ಬ್ರಿಟಿಷರು ಅನುದಾನ ನಿಲ್ಲಿಸಿದರೆ ಮಂಡಳಿಗಳು ಸಂಬಳ ಎಲ್ಲಿಂದ ಕೊಟ್ಟವು?

ಲೆಕ್ಕದ ಪುಸ್ತಕ

ಅಲ್ಲೇ ನಿಜವಾದ ಪರೀಕ್ಷೆ. ಹೊಡೆತ ಎರಡು ಕಡೆಯಿಂದ. ಒಂದು, ಅನುದಾನ ನಿಂತಿತು. ಎರಡು, ಸುಟ್ಟುಹೋದ ಆಸ್ತಿಗೆ, ಸತ್ತ ಪೊಲೀಸರಿಗೆ ಪರಿಹಾರವನ್ನು ಸ್ಥಳೀಯ ತೆರಿಗೆಯಿಂದಲೇ ಕೊಡಬೇಕು ಎಂದು ಕೌಂಟಿ ನ್ಯಾಯಾಲಯಗಳು ಆದೇಶ ಮಾಡುತ್ತಿದ್ದವು. ಮಂಡಳಿಯ ಖಜಾಂಚಿ ಸಾಮಾನ್ಯವಾಗಿ ಒಂದು ಬ್ಯಾಂಕೇ ಆಗಿರುತ್ತಿತ್ತು, ಹಾಗಾಗಿ ಆದೇಶ ಬಂದ ತಕ್ಷಣ ಖಾತೆಯಲ್ಲಿದ್ದ ಹಣ ಜಪ್ತಿ.

ಇದಕ್ಕೆ ಕಂಡುಕೊಂಡ ದಾರಿ: ಹಣವನ್ನು ಬ್ಯಾಂಕ್ ಖಜಾಂಚಿಯ ಹತ್ತಿರ ಬಿಡದೆ ನಂಬಿಕಸ್ಥರ ವೈಯಕ್ತಿಕ ಹೆಸರಿಗೆ ವರ್ಗಾಯಿಸುವುದು, ತೆರಿಗೆ ವಸೂಲಿಗಾರರು ಅವರಿಗೇ ತಂದುಕೊಡುವುದು, ನಡಾವಳಿ ಪುಸ್ತಕ ಬಚ್ಚಿಡುವುದು. ಕೆಟ್ಟದ್ದು ಎಲ್ಲಿ ಅಂದರೆ, ವಸೂಲಿಗಾರರು ಹೆದರಿ ಮನೆಯಲ್ಲಿ ಕೂತರು, ಕೆಲವರು ವಸೂಲಾದ ಹಣ ಕಟ್ಟಲೇ ಇಲ್ಲ, ತೆರಿಗೆದಾರರು "ಯಾವ ಸರ್ಕಾರಕ್ಕೆ ಕಟ್ಟಲಿ" ಎಂದು ಕೈಕಟ್ಟಿದರು. ರಸ್ತೆ ರಿಪೇರಿ ನಿಂತಿತು. ಖರ್ಚು ಉಳಿಸಲು ಹಳೆಯ ಬಡವರ ವಸತಿಗಳನ್ನು ಮುಚ್ಚಿ ಕೌಂಟಿಗೊಂದು ಮಾಡತೊಡಗಿದರು. ಕ್ರಾಂತಿಯ ಸಾಮಾಜಿಕ ಸುಧಾರಣೆ ಎಂದು ಆಮೇಲೆ ಬಣ್ಣಿಸಿದ್ದು ಮೂಲದಲ್ಲಿ ಖಜಾನೆ ಖಾಲಿಯಾಗಿ ಬಂದದ್ದು. 1921ರ ಮೇ 25ರಂದು ಕಸ್ಟಮ್ ಹೌಸ್ ಅನ್ನೇ ಸುಟ್ಟದ್ದರಿಂದ ಬ್ರಿಟಿಷ್ ಕಡೆಯ ಸ್ಥಳೀಯ ಆಡಳಿತದ ಕಡತಗಳೂ ಹೋದವು.

ಕಡತಪ್ರಿಯ

ಡಾಯ್ಲ್ ನ್ಯಾಯಾಲಯಗಳನ್ನೂ ಸೇರಿಸಿ. 1920ರ ಬೇಸಿಗೆಯಿಂದ ಪ್ಯಾರಿಷ್ ಮಟ್ಟದಲ್ಲಿ ಮೂವರು, ಜಿಲ್ಲಾ ಮಟ್ಟದಲ್ಲಿ ಐವರು ನ್ಯಾಯಾಧೀಶರು. ಭೂಮಿ ತಂಟೆಗೆ ಬೇರೆ ಭೂ ನ್ಯಾಯಾಲಯ. ಪಶ್ಚಿಮದಲ್ಲಿ ದೊಡ್ಡ ಹುಲ್ಲುಗಾವಲುಗಳಿಗೆ ಜನ ದನ ನುಗ್ಗಿಸುತ್ತಿದ್ದ ಕಾಲ, ಅದನ್ನು ಹತೋಟಿಗೆ ತಂದದ್ದು ಈ ನ್ಯಾಯಾಲಯಗಳು. ಯೂನಿಯನಿಸ್ಟ್ ಜಮೀನುದಾರರೂ ಇಲ್ಲಿಗೇ ಬರುತ್ತಿದ್ದರು, ಯಾಕೆಂದರೆ ತೀರ್ಪು ಜಾರಿ ಮಾಡುವ ಶಕ್ತಿ ಆಗ ಇವಕ್ಕಿತ್ತು.

ಸ್ವಂತ ಸರ್ಕಾರ ಬಂದ ಮೇಲೆ ಏನಾಯಿತು ನೋಡಿ: 1922ರ ಜುಲೈನಲ್ಲಿ, ಒಪ್ಪಂದವನ್ನು ಒಪ್ಪಿದವರಿಗೂ ವಿರೋಧಿಸಿದವರಿಗೂ ನಡೆದ ಅಂತರ್ಯುದ್ಧದ ನಡುವೆ, ಇವನ್ನು ರದ್ದು ಮಾಡಿದರು. ಆದರೆ ಕೊಟ್ಟ ತೀರ್ಪುಗಳ ಗತಿ? ಸಾಲ, ಬೇಲಿ, ಜಮೀನು ಎಲ್ಲ ಅವುಗಳ ಮೇಲೆ ನಿಂತಿದ್ದವು. 1923ರಲ್ಲಿ ಪ್ರತ್ಯೇಕ ಕಾನೂನು ಮಾಡಿ, ಆ ತೀರ್ಪುಗಳನ್ನು ನೋಂದಾಯಿಸಲು, ಬಾಕಿ ಉಳಿದ ಮೇಲ್ಮನವಿ ಕೇಳಲು ಒಂದು ಆಯೋಗವನ್ನೇ ನೇಮಿಸಬೇಕಾಯಿತು. ಸಮಾನಾಂತರ ಸರ್ಕಾರ ನಡೆಸುವುದಕ್ಕಿಂತ ಅದನ್ನು ಬರಖಾಸ್ತು ಮಾಡುವುದು ಕಷ್ಟ. ಹೊಸ ನ್ಯಾಯಾಂಗ ಬಂದದ್ದು 1924ರ ಕಾನೂನಿನಿಂದ.

ಗಡಿಕಲ್ಲು

ಈಗ 12ನೇ ವಿಧಿ. ಒಪ್ಪಂದದ ಪ್ರಕಾರ ಐರಿಷ್ ಮುಕ್ತ ರಾಜ್ಯ, ಅಂದರೆ ಸಾಮ್ರಾಜ್ಯದೊಳಗೇ ಸ್ವಂತ ಆಡಳಿತವಿರುವ ಹೊಸ ರಾಜ್ಯ, ಇಡೀ ದ್ವೀಪಕ್ಕೆ. ಆದರೆ ಉತ್ತರದ ಸಂಸತ್ತು ಒಂದು ತಿಂಗಳೊಳಗೆ ಅರ್ಜಿ ಕೊಟ್ಟು ಹೊರಗುಳಿಯಬಹುದು. ಮುಕ್ತ ರಾಜ್ಯ ಹುಟ್ಟಿದ್ದು 1922ರ ಡಿಸೆಂಬರ್ 6, ಉತ್ತರ ಅರ್ಜಿ ಕೊಟ್ಟದ್ದು ಮರುದಿನ. ಹಾಗೆ ಹೊರಗುಳಿದರೆ ಮೂವರ ಗಡಿ ಆಯೋಗ ರಚಿಸಿ, "ನಿವಾಸಿಗಳ ಇಚ್ಛೆಯಂತೆ, ಆರ್ಥಿಕ ಮತ್ತು ಭೌಗೋಳಿಕ ಸ್ಥಿತಿಗೆ ಹೊಂದುವಷ್ಟರ ಮಟ್ಟಿಗೆ" ಗಡಿ ನಿರ್ಧರಿಸಬೇಕು.

ಈ ವಾಕ್ಯ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆ. ಎಣಿಕೆಯ ಘಟಕ ಯಾವುದು, ಕೌಂಟಿಯೋ, ಪಟ್ಟಣವೋ, ಹಳ್ಳಿಯೋ? ಜನಮತಗಣನೆ ಇದೆಯೋ? ಇಚ್ಛೆ ಮತ್ತು ಆರ್ಥಿಕತೆ ಡಿಕ್ಕಿ ಹೊಡೆದರೆ ಯಾವುದು ಮೇಲು? ಒಂದಕ್ಕೂ ಉತ್ತರ ಇಲ್ಲ. ಅದೇ ಕಾಲದಲ್ಲಿ ಶ್ಲೆಸ್ವಿಗ್‌ನಲ್ಲಿ, ಮೇಲಿನ ಸಿಲೇಸಿಯಾದಲ್ಲಿ ಜನಮತಗಣನೆ ಆಗಿತ್ತು, ಅಲ್ಲಿ ನಿಯಮಗಳನ್ನು ಮೊದಲೇ ಬರೆದಿದ್ದರು. ಇಲ್ಲಿ ಗ್ರಿಫಿತ್ ಮತ್ತು ಕಾಲಿನ್ಸ್ "ಕನಿಷ್ಠ ಫರ್ಮಾನಾ, ಟಿರೋನ್ ಬಂದೇ ಬರುತ್ತವೆ, ಉಳಿದ ನಾಲ್ಕು ಬಾಳಲಾರವು" ಎಂಬ ನಂಬಿಕೆಯಲ್ಲಿ ಸಹಿ ಹಾಕಿದರು. ಡಾಯ್ಲ್‌ನಲ್ಲಿ ಒಪ್ಪಂದದ ಮೇಲೆ ವಾರಗಟ್ಟಲೆ ನಡೆದ ಚರ್ಚೆಯಲ್ಲಿ ಈ ವಿಧಿಯ ಮೇಲೆ ಆಡಿದ ಮಾತು ಬಹಳ ಕಡಿಮೆ. ಎಲ್ಲರ ಸಿಟ್ಟು ಇದ್ದದ್ದು ರಾಜನಿಗೆ ನಿಷ್ಠೆಯ ಪ್ರಮಾಣದ ಮೇಲೆ. 1922ರ ಜನವರಿ 7ರಂದು 64–57 ಮತಗಳಿಂದ ಒಪ್ಪಂದ ಪಾಸಾಯಿತು. ಆ 57 ಜನ ಮುಖ್ಯವಾಗಿ ವಿಭಜನೆ ವಿರೋಧಿಸಿ ಮತ ಹಾಕಿದರು ಅನ್ನುವುದು ಆಮೇಲಿನ ಕಲ್ಪನೆ.

ಆಯೋಗ ಮೊದಲು ಸೇರಿದ್ದು 1924ರ ನವೆಂಬರ್ 6, ಸಹಿ ಆಗಿ ಹೆಚ್ಚುಕಮ್ಮಿ ಮೂರು ವರ್ಷಕ್ಕೆ. ನಡುವೆ ಅಂತರ್ಯುದ್ಧ, ಗ್ರಿಫಿತ್ ಮತ್ತು ಕಾಲಿನ್ಸ್ ಇಬ್ಬರೂ 1922ರ ಆಗಸ್ಟ್‌ನಲ್ಲೇ ಹೋಗಿದ್ದರು. ಕ್ರೇಗ್ ತನ್ನ ಪ್ರತಿನಿಧಿಯನ್ನು ನೇಮಿಸಲು ಒಪ್ಪದ ಕಾರಣ ಬ್ರಿಟಿಷ್ ಸರ್ಕಾರವೇ ಜೆ. ಆರ್. ಫಿಶರ್‌ನನ್ನು ಹಾಕಿತು. ಮುಕ್ತ ರಾಜ್ಯದ ಕಡೆಯಿಂದ ಶಿಕ್ಷಣ ಮಂತ್ರಿ ಓಯಿನ್ ಮ್ಯಾಕ್‌ನೀಲ್. ಅಧ್ಯಕ್ಷ ದಕ್ಷಿಣ ಆಫ್ರಿಕಾದ ನ್ಯಾಯಾಧೀಶ ರಿಚರ್ಡ್ ಫೀಥಮ್.

ಫೀಥಮ್ ವಿಧಿಯನ್ನು ಓದಿದ ರೀತಿ ಹೀಗೆ: ಉತ್ತರ ಐರ್ಲೆಂಡ್ ಎಂಬ ಘಟಕ ಬದಲಾವಣೆಯ ಮೇಲೂ ಗುರುತು ಸಿಗುವಂತೆ ಉಳಿಯಬೇಕು, ಆದ್ದರಿಂದ ಕೌಂಟಿಗಟ್ಟಲೆ ವರ್ಗಾವಣೆ ಇಲ್ಲ. ಜನಮತಗಣನೆಗೆ ಅಧಿಕಾರ ಇಲ್ಲ, ಜನಗಣತಿಯ ಧರ್ಮದ ಕಾಲಂ ನೋಡಿಯೇ ಇಚ್ಛೆ ತಿಳಿಯಬೇಕು. ಇಚ್ಛೆಗೂ ಆರ್ಥಿಕತೆಗೂ ಜಗಳ ಬಂದರೆ ಆರ್ಥಿಕತೆ ಮೇಲು. ಈ ಮೂರನ್ನು ಒಪ್ಪಿದರೆ ಮಿಕ್ಕದ್ದು ತಾನಾಗಿ ಬರುತ್ತದೆ. ನ್ಯೂರಿ ಪಟ್ಟಣದಲ್ಲಿ ಕ್ಯಾಥೊಲಿಕರು ದೊಡ್ಡ ಬಹುಮತ, ಆದರೆ ಅದರ ವ್ಯಾಪಾರ ಉತ್ತರಕ್ಕೆ ಅಂಟಿದೆ, ಅಲ್ಲೇ ಇರಲಿ. ಮೋರ್ನ್ ಬೆಟ್ಟಗಳಲ್ಲಿ ಬೆಲ್‌ಫಾಸ್ಟ್‌ಗೆ ನೀರು ಕೊಡುವ ಜಲಾಶಯದ ಕೆಲಸ ನಡೆದಿದೆ, ಅದನ್ನು ಮುಟ್ಟುವಂತಿಲ್ಲ. ಡೆರ್ರಿ ಅಲ್ಲೇ, ಬದಲಿಗೆ ಅದಕ್ಕೆ ಅಂಟಿದ ಪೂರ್ವ ಡೊನೆಗಾಲ್‌ನ ಪಟ್ಟಿ ಉತ್ತರಕ್ಕೆ ಹೋಗಲಿ.

ಕೊನೆಯ ಲೆಕ್ಕ: ಮುಕ್ತ ರಾಜ್ಯಕ್ಕೆ 1,83,290 ಎಕರೆ, 31,319 ಜನ, ಮುಖ್ಯವಾಗಿ ದಕ್ಷಿಣ ಅರ್ಮಾ ಮತ್ತು ಫರ್ಮಾನಾದ ಅಂಚುಗಳು. ಉತ್ತರಕ್ಕೆ 49,242 ಎಕರೆ, 7,594 ಜನ. ಗಡಿಯ ಉದ್ದ 280 ಮೈಲಿಯಿಂದ 229ಕ್ಕೆ ಇಳಿಯುತ್ತದೆ.

1925ರ ನವೆಂಬರ್ 7ರಂದು ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆ ಈ ನಕ್ಷೆಯ ಸಾರವನ್ನು ಹೊರಹಾಕಿತು. ಡೊನೆಗಾಲ್‌ನ ತುಂಡು ಬಿಟ್ಟುಕೊಡಬೇಕು ಎಂದು ಗೊತ್ತಾದ ದಿನ ಡಬ್ಲಿನ್ ಸರ್ಕಾರ ನಡುಗಿತು. ಮ್ಯಾಕ್‌ನೀಲ್ ವರ್ಷವಿಡೀ ಗೋಪ್ಯತೆಯ ಮಾತಿಗೆ ಕಟ್ಟುಬಿದ್ದು ತನ್ನ ಸಂಪುಟಕ್ಕೂ ಏನೂ ತಿಳಿಸಿರಲಿಲ್ಲ. ನವೆಂಬರ್ 20ಕ್ಕೆ ರಾಜೀನಾಮೆ. ಡಿಸೆಂಬರ್ 3ಕ್ಕೆ ಮೂರು ಸರ್ಕಾರಗಳ ಹೊಸ ಒಪ್ಪಂದ: ಇದ್ದ ಗೆರೆಯೇ ಇರಲಿ, ವರದಿ ಬೀಗದೊಳಗೆ ಹೋಗಲಿ. ಅದು ಅಚ್ಚಾಗಿ ಹೊರಬಂದದ್ದು 1969ರಲ್ಲಿ.

ಲೆಕ್ಕದ ಪುಸ್ತಕ

ಆ ಡಿಸೆಂಬರ್ 3ರ ಒಪ್ಪಂದದ ಹಣದ ಭಾಗ ಬಿಟ್ಟರು. 1921ರ ಒಪ್ಪಂದದ 5ನೇ ವಿಧಿಯಲ್ಲಿ ಬ್ರಿಟನ್ನಿನ ಸಾರ್ವಜನಿಕ ಸಾಲ ಮತ್ತು ಯುದ್ಧ ಪಿಂಚಣಿಯಲ್ಲಿ ಮುಕ್ತ ರಾಜ್ಯವೂ ಪಾಲು ಹೊರಬೇಕು ಎಂದಿತ್ತು. ಮೊತ್ತ ನಿರ್ಧಾರ ಆಗಿರಲಿಲ್ಲ, ಕತ್ತಿ ತೂಗುತ್ತಲೇ ಇತ್ತು. 1925ರಲ್ಲಿ ಅದನ್ನು ಮನ್ನಾ ಮಾಡಿದರು. ಗಡಿ ಬಿಟ್ಟು ಸಾಲದಿಂದ ಪಾರಾದರು ಅನ್ನುವುದು ಒರಟು ಮಾತಾದರೂ ಸುಳ್ಳಲ್ಲ. ಗಡಿಯಾಚೆ ಉಳಿದ ಫರ್ಮಾನಾ, ಟಿರೋನ್, ದಕ್ಷಿಣ ಅರ್ಮಾದ ರಾಷ್ಟ್ರೀಯರನ್ನು ಯಾರೂ ಕೇಳಲಿಲ್ಲ. ಎರಡೂ ಕಡೆಯ ಸರ್ಕಾರಗಳ ನಡುವೆ ಕೊಂಡಿಯಾಗಬೇಕಿದ್ದ ಐರ್ಲೆಂಡ್ ಮಂಡಳಿಯನ್ನೂ ಅದೇ ದಿನ ಕೈಬಿಟ್ಟರು. ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ನೋವಿನ ಭಾಗ ಇದೇ.

ಹಳೇ ಪಟ

ಗೆರೆ ನೆಲದ ಮೇಲೆ ಹೇಗಿತ್ತು ಎಂದು ಸ್ವಲ್ಪ. ರಾಜಕೀಯ ಗಡಿ 1921ರದ್ದು, ಜನರಿಗೆ ತಟ್ಟಿದ್ದು 1923ರ ಏಪ್ರಿಲ್ 1, ಸುಂಕದ ಗಡಿ ಶುರುವಾದ ದಿನ. ಕೌಂಟಿ ಗಡಿಗಳು ತೊರೆ, ಬೇಲಿ, ಹಳೆಯ ಜಮೀನಿನ ಅಂಚು ಹಿಡಿದು ಹೋಗುವಂಥವು, ಯಾವ ದೇಶದ ಗಡಿಯಾಗಲೂ ಮಾಡಿದ್ದಲ್ಲ. ಪೆಟ್ಟಿಗೋ ಎಂಬ ಊರು ಒಂದು ಹೊಳೆಯ ಎರಡೂ ದಡದಲ್ಲಿದೆ, ಒಂದು ದಡ ಡೊನೆಗಾಲ್, ಇನ್ನೊಂದು ಫರ್ಮಾನಾ. ಕ್ಲೋನಿಸ್‌ನಿಂದ ಕ್ಯಾವನ್‌ಗೆ ಹೋಗುವ ರಸ್ತೆ ಕೆಲವೇ ಮೈಲಿಯಲ್ಲಿ ಗಡಿಯನ್ನು ಹಲವು ಸಲ ದಾಟುತ್ತದೆ. ಹತ್ತಿರದ ಡ್ರಮ್ಮುಲ್ಲಿ ಎಂಬ ತುಂಡು ಮೊನಹನ್‌ಗೆ ಸೇರಿದ್ದು, ಆದರೆ ಅಲ್ಲಿಗೆ ರಸ್ತೆಯಲ್ಲಿ ಹೋಗಬೇಕಾದರೆ ಫರ್ಮಾನಾ ಮೂಲಕವೇ.

ಸರಕು ಸಾಗಿಸಲು ಅನುಮೋದಿತ ರಸ್ತೆ ಅಂತ ಕೆಲವನ್ನು ಮಾತ್ರ ಗುರುತಿಸಿದರು, ಅಲ್ಲಿ ಸುಂಕದ ಕಟ್ಟೆ, ನಿಗದಿತ ಸಮಯ, ಫಾರಂ. ಮಿಕ್ಕ ನೂರಾರು ಹಳ್ಳಿ ದಾರಿಯಲ್ಲಿ ಸುಂಕದ ಸಾಮಾನು ತಂದರೆ ಅದೇ ಅಪರಾಧ. ರೈಲು ದಕ್ಷಿಣದ ಕಡೆ ಡಂಡಾಕ್‌ನಲ್ಲಿ, ಉತ್ತರದ ಕಡೆ ಗೋರಾವುಡ್‌ನಲ್ಲಿ ತಪಾಸಣೆಗೆ ನಿಲ್ಲುತ್ತಿತ್ತು. ಮೊದಲ ವರ್ಷ ಸುಂಕದ ದರಗಳು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಆದರೆ ಕಾಗದಪತ್ರದ ಗೋಳು ಆಗಲೇ ಶುರು. 1924ರ ಬಜೆಟ್‌ನಲ್ಲಿ ಡಬ್ಲಿನ್ ಬೂಟು, ಸಾಬೂನು, ಮೇಣದಬತ್ತಿ, ಮಿಠಾಯಿ, ಬಾಟಲಿಗಳಿಗೆ ಸುಂಕ ಹಾಕಿದ ಮೇಲೆ ದರದಲ್ಲೂ ವ್ಯತ್ಯಾಸ ಬಂತು, ಕಳ್ಳಸಾಗಣೆ ಲಾಭದ ಕಸುಬಾಯಿತು. ಇಲ್ಲಿ ಒಂದು ವಿಷಾದದ ಸಂಗತಿ: ಸುಂಕದ ಗಡಿಯನ್ನು ಹಾಕಿದ್ದು ವಿಭಜನೆಯನ್ನು ಒಪ್ಪದ ಡಬ್ಲಿನ್ ಸರ್ಕಾರವೇ. ತನ್ನ ಆದಾಯಕ್ಕೆ, ಸ್ವಾತಂತ್ರ್ಯದ ಗುರುತಿಗೆ ಅದು ಬೇಕಿತ್ತು.

ಮತಪೆಟ್ಟಿಗೆ

ಮತದಾನದ ಪದ್ಧತಿ ಬಗ್ಗೆ ಯಾರೂ ಹೇಳಲಿಲ್ಲ, ಅದು ಈ ಕಥೆಯ ಮೂಳೆ. 1920ರ ಸ್ಥಳೀಯ ಚುನಾವಣೆಗಳು ನಡೆದದ್ದು ಏಕ ವರ್ಗಾವಣೀಯ ಮತ ಪದ್ಧತಿಯಲ್ಲಿ, ಅದಕ್ಕೂ ಮೊದಲು 1919ರ ಜನವರಿಯಲ್ಲಿ ಸ್ಲೈಗೋ ಪಟ್ಟಣದಲ್ಲಿ ಪ್ರಯೋಗ. ಶಿನ್ ಫೇನ್ ಅಬ್ಬರದಲ್ಲಿ ಅಲ್ಪಸಂಖ್ಯಾತರು ಮುಳುಗಬಾರದು ಎಂದು ಬ್ರಿಟಿಷರು ತಂದದ್ದು. 1922ರ ಸಂವಿಧಾನ ಅನುಪಾತ ಪ್ರಾತಿನಿಧ್ಯವನ್ನೇ ಉಳಿಸಿಕೊಂಡಿತು.

ಎಣಿಕೆ ಹೇಗೆ ನೋಡಿ. ಮೂರು ಸ್ಥಾನ, ಸಿಂಧು ಮತ 24,000 ಇದ್ದರೆ ಗೆಲ್ಲಲು ಬೇಕಾದ ಕೋಟಾ: 24,000 ಭಾಗಿಸು 4, ಕೂಡಿಸು 1, ಅಂದರೆ 6,001. ಒಬ್ಬ ಅಭ್ಯರ್ಥಿಗೆ ಮೊದಲ ಪ್ರಾಶಸ್ತ್ಯ 9,001 ಬಂದರೆ 3,000 ಹೆಚ್ಚುವರಿ. ಅವನ 9,001 ಚೀಟಿಯನ್ನೂ ತೆಗೆದು ಎರಡನೇ ಪ್ರಾಶಸ್ತ್ಯದಂತೆ ಕಟ್ಟು ಮಾಡುತ್ತಾರೆ. 6,000 ಜನ ಬೇರೊಬ್ಬನಿಗೆ, 3,000 ಜನ ಮತ್ತೊಬ್ಬನಿಗೆ, ಒಂದರಲ್ಲಿ ಎರಡನೇ ಗುರುತೇ ಇಲ್ಲ ಅಂದುಕೊಳ್ಳಿ. ಆಗ ಹೆಚ್ಚುವರಿ 3,000ವನ್ನು ಅದೇ ಪ್ರಮಾಣದಲ್ಲಿ 2,000, 1,000 ಎಂದು ಹಂಚುತ್ತಾರೆ. ಕೋಟಾ ಯಾರೂ ಮುಟ್ಟದಿದ್ದರೆ ತೀರಾ ಕಡಿಮೆ ಇರುವವನನ್ನು ತೆಗೆದು ಅವನ ಚೀಟಿಗಳನ್ನು ಮುಂದಿನ ಗುರುತಿಗೆ ಕೊಡುವುದು. ಐರಿಷ್ ಡಾಯ್ಲ್ ಎಣಿಕೆಯಲ್ಲಿ ಚೀಟಿಗಳೇ ಕೈಯಿಂದ ಕೈಗೆ ಹೋಗುತ್ತವೆ, ಯಾವ 2,000 ಚೀಟಿ ಹೋಯಿತು ಅನ್ನುವುದು ಮುಂದಿನ ಸುತ್ತಿಗೆ ಸ್ವಲ್ಪ ಪರಿಣಾಮ ಮಾಡುತ್ತದೆ. ಅದಕ್ಕೇ ಮೊದಲೇ ಚೀಟಿ ಕಲೆಸುವ ನಿಯಮ.

ನಮ್ಮ ರಾಜ್ಯಸಭೆಯಲ್ಲಿ ಈ ದೋಷ ತಪ್ಪಿಸಲು ಒಂದು ಮತಕ್ಕೆ 100 ಮೌಲ್ಯ ಕೊಟ್ಟು ಭಿನ್ನರಾಶಿಯಲ್ಲಿ ಹಂಚುತ್ತಾರೆ. ಕರ್ನಾಟಕದ 224 ಶಾಸಕರೂ ಮತ ಹಾಕಿ ನಾಲ್ಕು ಸ್ಥಾನ ಇದ್ದರೆ 22,400 ಭಾಗಿಸು 5, ಕೂಡಿಸು 1, ಅಂದರೆ 4,481. ಪ್ರತಿ ಚುನಾವಣೆಯಲ್ಲೂ ಪತ್ರಿಕೆಯವರು "45 ಮತ ಬೇಕು" ಎಂದು ಬರೆಯುವುದು ಇದೇ ಲೆಕ್ಕ.

ಉತ್ತರದಲ್ಲಿ ಏನಾಯಿತು? ಈ ಪದ್ಧತಿಯಿಂದಲೇ 1920ರಲ್ಲಿ ಡೆರ್ರಿ ನಗರಕ್ಕೆ ರಾಷ್ಟ್ರೀಯ ಮೇಯರ್ ಬಂದಿದ್ದ. ಟಿರೋನ್, ಫರ್ಮಾನಾ ಕೌಂಟಿ ಮಂಡಳಿಗಳು ಡಾಯ್ಲ್‌ಗೆ ನಿಷ್ಠೆ ಘೋಷಿಸಿದ್ದಕ್ಕೆ ಬರಖಾಸ್ತಾದವು. 1922ರಲ್ಲಿ ಸ್ಥಳೀಯ ಚುನಾವಣೆಗೆ ಈ ಪದ್ಧತಿಯನ್ನೇ ರದ್ದು ಮಾಡಿದರು. ಅದಕ್ಕೆ ಅಂಕಿತ ಕೊಡಲು ಲಂಡನ್ ಕೆಲಕಾಲ ತಡೆಯಿತು, ಕೊನೆಗೆ ಕೊಟ್ಟಿತು. ವಾರ್ಡುಗಳ ಗಡಿಯನ್ನೂ ಬದಲಿಸಿದರು, ಡೆರ್ರಿ ಮರುವರ್ಷವೇ ಯೂನಿಯನಿಸ್ಟರ ಕೈಗೆ. 1929ರಲ್ಲಿ ಸಂಸತ್ತಿನ ಚುನಾವಣೆಗೂ ರದ್ದು.

ಕಡತಪ್ರಿಯ

ಉತ್ತರದ ಬಗ್ಗೆ ಇನ್ನೆರಡು ಮಾತು. 1920–22ರಲ್ಲಿ ಬೆಲ್‌ಫಾಸ್ಟ್ ಗಲಭೆಯಲ್ಲಿ ಸತ್ತವರು 450ಕ್ಕೂ ಹೆಚ್ಚು, ಜನಸಂಖ್ಯೆಯಲ್ಲಿ ಕಾಲುಭಾಗವಿದ್ದ ಕ್ಯಾಥೊಲಿಕರೇ ಅರ್ಧಕ್ಕಿಂತ ಹೆಚ್ಚು. 1922ರ ಏಪ್ರಿಲ್‌ನಲ್ಲಿ ವಿಶೇಷ ಅಧಿಕಾರ ಕಾಯ್ದೆ, ಜೂನ್ 1ಕ್ಕೆ ಹೊಸ ಪೊಲೀಸ್ ಪಡೆ. ಹಣಕಾಸಿನಲ್ಲಿ ಮಾತ್ರ ಆ ಸರ್ಕಾರ ಪರಾವಲಂಬಿ: ಆದಾಯ ತೆರಿಗೆ, ಸುಂಕ, ಅಬಕಾರಿ ಎಲ್ಲ ಲಂಡನ್ ಕೈಯಲ್ಲಿ. ಸಾಮ್ರಾಜ್ಯದ ವೆಚ್ಚಕ್ಕೆ ವಂತಿಗೆ ಮೊದಲು ಕೊಟ್ಟು ಉಳಿದದ್ದರಲ್ಲಿ ಆಡಳಿತ ಮಾಡಬೇಕಿತ್ತು. ಈ ವಂತಿಗೆಯನ್ನು ಪರಿಶೀಲಿಸಿದ ಕಾಲ್ವಿನ್ ಸಮಿತಿ ಅದನ್ನು ತಿರುಗಿಸಿ, ಒಳಗಿನ ಖರ್ಚು ಮುಗಿದು ಉಳಿದರೆ ವಂತಿಗೆ ಎಂದು ಮಾಡಿದ ಮೇಲೇ ಆ ಆಡಳಿತ ಉಸಿರಾಡಿದ್ದು.

ದಕ್ಷಿಣದಲ್ಲಿ ಚಿತ್ರ ಬೇರೆ. 1922ರ ಜನವರಿ 16ರಂದು ಬ್ರಿಟಿಷ್ ಆಡಳಿತದ ಕೇಂದ್ರವಾಗಿದ್ದ ಡಬ್ಲಿನ್ ಕೋಟೆ ಕೈಗೆ ಬಂದಾಗ ಜೊತೆಗೆ ಸುಮಾರು 21,000 ನೌಕರರ ಆಡಳಿತ ಯಂತ್ರವೂ ಬಂತು, ಬಹುತೇಕ ಎಲ್ಲರೂ ಬ್ರಿಟಿಷ್ ಸೇವೆಯಿಂದಲೇ. 1924ರ ಕಾನೂನು ಹಳೆಯ ಹತ್ತಾರು ಮಂಡಳಿಗಳನ್ನು 11 ಇಲಾಖೆಗಳಲ್ಲಿ ಸೇರಿಸಿತು. ಪೊಲೀಸ್ ಕಟ್ಟುವುದು ಸುಲಭವಾಗಲಿಲ್ಲ: 1922ರ ಫೆಬ್ರವರಿಯಲ್ಲಿ ಶುರುವಾದ ನಾಗರಿಕ ಪಡೆ, ಹಳೆಯ ಬ್ರಿಟಿಷ್ ಪೊಲೀಸ್ ಅಧಿಕಾರಿಗಳನ್ನು ಮೇಲಕ್ಕೆ ಹಾಕಿದರು ಎಂದು ಮೇ ತಿಂಗಳಲ್ಲೇ ಕಿಲ್‌ಡೇರ್ ಬ್ಯಾರಕ್‌ನಲ್ಲಿ ದಂಗೆ ಎದ್ದಿತು. ಅದರ ನಂತರ ಪಡೆಯನ್ನು ನಿಶ್ಶಸ್ತ್ರ ಮಾಡಿ ಊರೂರಿಗೆ ಕಳಿಸಿದರು, ಅದೂ ಅಂತರ್ಯುದ್ಧದ ನಡುವೆ. ಆ ನಿರ್ಧಾರಕ್ಕೆ ಎಷ್ಟು ಗಟ್ಟಿ ಎದೆ ಬೇಕಿತ್ತು ಎಂದು ಯೋಚಿಸಿ. ಇದೇ ಸರ್ಕಾರ 77 ಜನ ವಿರೋಧಿಗಳನ್ನು ಗುಂಡಿಟ್ಟು ಕೊಂದದ್ದನ್ನೂ ಮರೆಯಬಾರದು.

ಲೆಕ್ಕದ ಪುಸ್ತಕ

ಅದೇ ಸರ್ಕಾರ 1924ರಲ್ಲಿ ವೃದ್ಧಾಪ್ಯ ಪಿಂಚಣಿಯನ್ನು ವಾರಕ್ಕೆ 10 ಶಿಲ್ಲಿಂಗ್‌ನಿಂದ 9ಕ್ಕೆ ಇಳಿಸಿತು. ಮರುವರ್ಷ ಸೀಮೆನ್ಸ್ ಜೊತೆ ಶಾನನ್ ನದಿಯ ಜಲವಿದ್ಯುತ್ ಯೋಜನೆಗೆ ಸಹಿ ಹಾಕಿತು, ಸುಮಾರು 52 ಲಕ್ಷ ಪೌಂಡ್, 1929ರ ಜುಲೈನಲ್ಲಿ ಆರ್ಡ್‌ನಾಕ್ರೂಷಾದಲ್ಲಿ ಉದ್ಘಾಟನೆ. ಅಲ್ಲಿ ಕೂಲಿ ವಾರಕ್ಕೆ 32 ಶಿಲ್ಲಿಂಗ್ ಎಂದು ದೊಡ್ಡ ಮುಷ್ಕರವೇ ಆಯಿತು. 1923ರ ಕೊನೆಗೆ ಎತ್ತಿದ 1 ಕೋಟಿ ಪೌಂಡ್ ರಾಷ್ಟ್ರೀಯ ಸಾಲಕ್ಕೆ ಜನ ಪೂರ್ತಿ ಹಣ ಕೊಟ್ಟರು, ಹೊಸ ರಾಜ್ಯ ಉಳಿಯುತ್ತದೆ ಎಂದು ಮಾರುಕಟ್ಟೆ ನಂಬಿದ ದಿನ ಅದು.

ಮತಪೆಟ್ಟಿಗೆ

ನಮ್ಮ ಕಡೆಯ ಕೊಂಡಿ ಒಂದೇ ಸಾಲಿನಲ್ಲಿ: ಭಾರತ ಸಂವಿಧಾನದ ಸಲಹೆಗಾರ ಬೆನಗಲ್ ನರಸಿಂಗ ರಾವ್, ಮಂಗಳೂರಿನವರು, 1947ರ ಕೊನೆಗೆ ಡಬ್ಲಿನ್‌ಗೂ ಹೋಗಿ ಬಂದರು. ನಮ್ಮ ನಿರ್ದೇಶಕ ತತ್ತ್ವಗಳ ಮಾದರಿ 1937ರ ಐರಿಷ್ ಸಂವಿಧಾನದ್ದು.

ತೀರದ ಓದುಗ

ಇಷ್ಟು ವಿವರಕ್ಕೆ ಎಲ್ಲರಿಗೂ ವಂದನೆ. ಕೊನೆಯದೊಂದು. ಗಡಿಕಲ್ಲು ಅವರೇ, ಆಯೋಗ 1925ರಲ್ಲಿ ಕೂತು 1911ರ ಜನಗಣತಿ ಯಾಕೆ ನೋಡಿತು? 1921ರದ್ದು ಇರಲಿಲ್ಲವೇ?

ಗಡಿಕಲ್ಲು

ಇರಲಿಲ್ಲ. 1921ರಲ್ಲಿ ಬ್ರಿಟನ್‌ನಲ್ಲಿ ಎಣಿಕೆ ಆಯಿತು, ಐರ್ಲೆಂಡಿನಲ್ಲಿ ಯುದ್ಧದ ಕಾರಣ ಆಗಲಿಲ್ಲ. ಹಾಗಾಗಿ 14 ವರ್ಷ ಹಳೆಯ ಸಂಖ್ಯೆ. ಆ ನಡುವೆ ಮಹಾಯುದ್ಧ ಆಗಿತ್ತು, ಬೆಲ್‌ಫಾಸ್ಟ್‌ನಿಂದ ಸಾವಿರಾರು ಜನ ಓಡಿಬಂದಿದ್ದರು, ದಕ್ಷಿಣದ ಪ್ರಾಟೆಸ್ಟೆಂಟರು ಬಹಳಷ್ಟು ಮಂದಿ ಬಿಟ್ಟು ಹೋಗಿದ್ದರು. ಅದ್ಯಾವುದೂ ಫೀಥಮ್ ಕೈಯಲ್ಲಿದ್ದ ಕೋಷ್ಟಕದಲ್ಲಿ ಇರಲಿಲ್ಲ. ಹೊಸ ಜನಗಣತಿ ಎರಡೂ ಕಡೆ ಒಂದೇ ದಿನ ನಡೆಯಿತು, 1926ರ ಏಪ್ರಿಲ್ 18ರಂದು. ಗಡಿ ಒಪ್ಪಂದಕ್ಕೆ ಸಹಿ ಆಗಿ ಆಗ ನಾಲ್ಕೂವರೆ ತಿಂಗಳಾಗಿತ್ತು.